ಡೈನಮೋ ಕಾಲದವನ ಸ್ಕ್ರೂ

ಮೊಮ್ಮಗನ ಹೋವರ್‌ಬೋರ್ಡಿಗೆ ಹೋದ ವಾರ ಎಡಗಣ್ಣು ಹೋಯಿತು. ಬಲಗಡೆಯ ನೀಲಿ ದೀಪ ಮಾತ್ರ ಮಿಣಮಿಣ. ನಮ್ಮ ಸೈಕಲ್ಲಿನ ಡೈನಮೋ ದೀಪ ಹೀಗೆ ಕೈಕೊಟ್ಟರೆ ತಲೆಗೊಂದು ಮೊಟಕಿದರೆ ಸಾಕಿತ್ತು. ವೈರು, ಬಲ್ಬು, ತುಕ್ಕು ಎಲ್ಲ ಕಣ್ಣೆದುರೇ ಇರುತ್ತಿದ್ದವು. ಇದಕ್ಕೂ ಮೊಟಕಿದೆ, ಹುಡುಗ ನಕ್ಕ. ಅಂಗಡಿಯವನು 'ಒಳಗಿನ ಬೋರ್ಡೇ ಬದಲಿಸ್ಬೇಕು ಸಾರ್' ಅಂದ. ಇವರಿಗೆ ರಿಪೇರಿ ಅಂದರೆ ಬದಲಿಸುವುದು! ಹಟಕ್ಕೆ ಬಿದ್ದು ಆಫ್ ಮಾಡಿ, ಮಗುಚಿ, ತಳ ಬಿಚ್ಚಿದೆ. ಅಬ್ಬಾ, ಎಷ್ಟು ಸ್ಕ್ರೂ! ನಾವು ಇಣುಕಬಾರದೆಂದೇ ಬಿಗಿದಂತಿತ್ತು. ಮೊದಲು ಬ್ಯಾಟರಿಯ ಹಳದಿ ಕನೆಕ್ಟರ್ ಕಿತ್ತೆ. 36 ವೋಲ್ಟಿನ ಲಿಥಿಯಂ, ಅದರ ಜೊತೆ ಸಲಿಗೆ ಸಲ್ಲದು. 2016ರಲ್ಲಿ ಅಮೆರಿಕದಲ್ಲಿ ಐದು ಲಕ್ಷದಷ್ಟು ಹೋವರ್‌ಬೋರ್ಡುಗಳನ್ನು ವಾಪಸ್ ಕರೆಸಿದ್ದು ಇಂಥ ಬ್ಯಾಟರಿಗಳು ಹೊತ್ತಿಕೊಳ್ಳುತ್ತವೆಂದೇ. ನೋಡಿದರೆ ದೀಪ ಕೆಟ್ಟೇ ಇರಲಿಲ್ಲ. ಎರಡು ಪಾದಹಲಗೆಗಳು ತಿರುಚಿಕೊಳ್ಳುವ ನಡುಗೊಳವೆಯ ಬಾಯಲ್ಲಿ, ಉಜ್ಜಿ ಉಜ್ಜಿ, ಕೂದಲೆಳೆಯಂಥ ಕೆಂಪು ವೈರು ತುಂಡಾಗಿತ್ತು. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ತಿರುಚಲು ತುಸು ಸಡಿಲ ಬಿಟ್ಟು ಮುಚ್ಚಿದೆ. ಎರಡೂ ಕಣ್ಣು ಬಿಟ್ಟವು. ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿದೆ. ಹುಡುಗನಿಗೆ ಇನ್ನೂ ಹೇಳಿಲ್ಲ.