ಸೇವಾಶ್ರಮಗಳಿಗೆ ಹೋಗುವ ಮುನ್ನ



ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ದೀಪಾವಳಿ ಮೊದಲಾದ ಪರ್ವದಿನಗಳು ಸಮೀಪಿಸಿದಂತೆಲ್ಲ ಮುಂಬಯಿಯ ಅನೇಕ ಶಾಲೆಗಳಲ್ಲಿ ಒಂದು ಕಾರ್ಯಕ್ರಮದ ಸಿದ್ಧತೆ ನಡೆಯುತ್ತದೆ. ಅನಾಥ ಮಕ್ಕಳ ಆಶ್ರಮಕ್ಕೋ, ಮನೆಯಲ್ಲಿ ಹಿಂಸೆಯನ್ನನುಭವಿಸಿ ಹೊರಬಂದ ಸ್ತ್ರೀಯರ ನಿವಾಸಕ್ಕೋ, ಬೀದಿಯಲ್ಲಿ ಬೆಳೆದ ಬಾಲಕರ ವಸತಿಗೋ ವಿದ್ಯಾರ್ಥಿಗಳನ್ನು ಕರೆದೊಯ್ಯುವುದೇ ಆ ಕಾರ್ಯಕ್ರಮ. ಹಣ್ಣು, ಬಿಸ್ಕೀಟು, ಹಳೆಯ ಬಟ್ಟೆಗಳ ಗಂಟುಗಳೊಡನೆ ಬಸ್ಸು ಹೊರಡುತ್ತದೆ. ಅಲ್ಲಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಂದುದನ್ನು ಹಂಚುತ್ತಾರೆ. ಒಂದೆರಡು ಭಾಷಣಗಳಾಗುತ್ತವೆ, ಗುಂಪಿನ ಛಾಯಾಚಿತ್ರವಾಗುತ್ತದೆ, ಸಂಜೆಯೊಳಗೆ ಬಸ್ಸು ಮರಳುತ್ತದೆ. ಮರುದಿನ ತರಗತಿಯಲ್ಲಿ "ನಾನು ಕಂಡ ಅನಾಥಾಶ್ರಮ" ಎಂಬ ಪ್ರಬಂಧವನ್ನು ಬರೆದರೆ ಆ ವರ್ಷದ ಪರೋಪಕಾರವು ಪೂರ್ಣವಾದಂತೆ.

ಇದರಲ್ಲಿ ಕೆಟ್ಟ ಉದ್ದೇಶವಿದೆಯೆಂದು ಯಾರೂ ಹೇಳಲಾರರು. ಕೊಡುವ ಮನಸ್ಸು ಬಾಲ್ಯದಲ್ಲಿಯೇ ಚಿಗುರಬೇಕೆಂಬುದೂ ನಿಜ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಆ ದಿನ ನಾವು ಅವರನ್ನು ನೋಡಿದೆವು. ಅವರು ನಮ್ಮಲ್ಲಿ ಏನನ್ನು ನೋಡಿದರು? ನಾವು ಹೋದ ಸ್ಥಳವು ವಸ್ತುಸಂಗ್ರಹಾಲಯವಲ್ಲ, ಕೆಲವರ ಮನೆ. ಅಪರಿಚಿತರ ದೊಡ್ಡ ಗುಂಪೊಂದು ನಮ್ಮ ಚಾಳಿನ ಕೋಣೆಯೊಳಗೆ ನುಗ್ಗಿ, ನಮ್ಮ ಹಾಸಿಗೆ ಪಾತ್ರೆಗಳನ್ನು ನೋಡಿ, "ಅಯ್ಯೋ ಪಾಪ" ಎಂದು ನಿಟ್ಟುಸಿರುಬಿಟ್ಟು, ಕೈಗೆರಡು ಬಾಳೆಯ ಹಣ್ಣು ಕೊಟ್ಟು ಹೋದರೆ ನಮಗೆ ಹೇಗೆನಿಸೀತು? ಒಳಗಿರುವವರು ನಮ್ಮನ್ನು ಮತ್ತೊಮ್ಮೆ ಬರಲೆಂದು ಬಯಸುವಂತಿದ್ದರೆ ಮಾತ್ರ ನಮ್ಮ ಸಂದರ್ಶನವು ಸಾರ್ಥಕವೆಂಬುದು ನನ್ನ ಅಭಿಪ್ರಾಯ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಇಂತಹ ಆಶ್ರಮಗಳಲ್ಲಿರುವವರು ಸದಾ ಕೈಯೊಡ್ಡುವವರೆಂಬ ಭಾವನೆ ಜನರಲ್ಲಿ ಬೇರೂರಿದೆ. ಈ ಸಂಸ್ಥೆಗಳ ಇತಿಹಾಸವೇ ಅದನ್ನು ಸುಳ್ಳುಮಾಡುತ್ತದೆ. ಪಂಡಿತಾ ರಮಾಬಾಯಿಯವರ ಹೆಸರನ್ನು ನೀವು ಕೇಳಿರಬಹುದು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮಘಟ್ಟದಲ್ಲಿ, ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದ್ದು ಅಂದಿನ ಸಮಾಜಕ್ಕೆ ಸಹಿಸದ ಸಂಗತಿಯಾಗಿತ್ತು. ರಮಾಬಾಯಿಯವರು ಬರಗಾಲದ ದಿನಗಳಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ದೇಶವನ್ನೆಲ್ಲ ಕಾಲ್ನಡಿಗೆಯಿಂದ ಸುತ್ತಿದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ "ಪಂಡಿತಾ", "ಸರಸ್ವತಿ" ಎಂದು ಗೌರವಿಸಿದರು. ಸ್ವತಃ ಹಸಿವನ್ನೂ ವೈಧವ್ಯವನ್ನೂ ಕಂಡ ಆ ಮಹಿಳೆ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. 1896-97ರ ಕ್ಷಾಮದಲ್ಲಿ ದಿಕ್ಕಿಲ್ಲದ ನೂರಾರು ಸ್ತ್ರೀಯರನ್ನೂ ಬಾಲೆಯರನ್ನೂ ಅವರು ಕರೆತಂದು, ಪುಣೆಯ ಸಮೀಪದ ಕೇಡಗಾಂವದಲ್ಲಿ ನೆಲೆಗೊಳಿಸಿದರು. ಅಲ್ಲಿ ಅವರಿಗೆ ದೊರೆತುದು ಅನ್ನವಸ್ತ್ರಗಳಷ್ಟೇ ಅಲ್ಲ. ಓದು, ನೇಯ್ಗೆ, ಬೇಸಾಯ, ಅಚ್ಚುಕೂಟದ ಕೆಲಸ ಎಲ್ಲವನ್ನೂ ಕಲಿತರು.

ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬಳು. ಆಕೆಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ವಿಧವೆಯನ್ನು ಮದುವೆಯಾದ ಕಾರಣಕ್ಕೆ ಊರವರು ಅವರನ್ನು ಬಹಿಷ್ಕರಿಸಿದರು. ಕರ್ವೆಯವರು ಹಿಂಜರಿಯದೆ 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ಕಟ್ಟಿದರು. ಅದು 1900ರಲ್ಲಿ ಹಿಂಗಣೆಗೆ ಹೋಗಿ ಬೆಳೆಯಿತು. 1916ರಲ್ಲಿ ಸ್ತ್ರೀಯರ ವಿಶ್ವವಿದ್ಯಾಲಯವೂ ಅವರಿಂದಲೇ ಸ್ಥಾಪಿತವಾಯಿತು. 1958ರಲ್ಲಿ, ಅವರ ನೂರನೆಯ ವಯಸ್ಸಿನಲ್ಲಿ, ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತಿತು. ಗೋದೂಬಾಯಿಯ ತಂಗಿ ಪಾರ್ವತೀಬಾಯಿ ಆಠವಲೆ ಕೂಡ ವಿಧವೆ. ಆಕೆ ಹಿಂಗಣೆಯ ಆಶ್ರಮದಲ್ಲಿಯೇ ದುಡಿದು, ಅದಕ್ಕಾಗಿ ಧನಸಂಗ್ರಹ ಮಾಡುತ್ತ ಅಮೆರಿಕದವರೆಗೂ ಹೋಗಿ ಬಂದರು. ನೋಡಿರಿ, ಒಂದು ಆಶ್ರಮದಲ್ಲಿ ಕಲಿತವಳ ಮನೆಯಿಂದಲೇ ಇನ್ನೊಂದು ಆಶ್ರಮ ಹುಟ್ಟಿತು. ಇಂದು ನಾವು "ಪಾಪ" ಎಂದು ನೋಡುವ ಹುಡುಗಿ ನಾಳೆ ಹತ್ತು ಜನರಿಗೆ ಆಸರೆಯಾಗಬಲ್ಲಳು. ಆದುದರಿಂದ ಆಕೆಯ ಮುಂದೆ ನಿಲ್ಲುವಾಗ ನಮ್ಮಲ್ಲಿ ಕನಿಕರಕ್ಕಿಂತ ಗೌರವವು ಹೆಚ್ಚಾಗಿರಬೇಕು.

ಈ ಮಾತು ಹಿಂದಿನ ಕಾಲಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬೇಡಿರಿ. ನಮ್ಮ ಬೆಳಗಾವಿ ಜಿಲ್ಲೆಯ ಕಡೆಗೆ ಬನ್ನಿರಿ. ಅಲ್ಲಿಯ ಬಡ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ದೇವದಾಸಿಯರನ್ನಾಗಿ ಬಿಡುವ ಕ್ರೂರ ರೂಢಿಯೊಂದಿತ್ತು. ಅವರಲ್ಲಿ ಎಷ್ಟೋ ಜನ ಇದೇ ಮುಂಬಯಿಯ ಕತ್ತಲೆಯ ಗಲ್ಲಿಗಳನ್ನು ಸೇರಿದರು. ಕರ್ನಾಟಕ ಸರಕಾರವು 1982ರಲ್ಲಿ ಆ ರೂಢಿಯನ್ನು ಕಾಯಿದೆಯಿಂದ ನಿಷೇಧಿಸಿತು. ಆದರೆ ಕಾಯಿದೆಯೊಂದರಿಂದಲೇ ಜನ್ಮದ ರೂಢಿ ಹೋಗದು. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಸೇರಿ "ಮಾಸ್" ಎಂದು ಪ್ರಸಿದ್ಧವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ತಾವು ನುಂಗಿದ ವಿಷವನ್ನು ತಮ್ಮ ಹೆಣ್ಣುಮಕ್ಕಳು ನುಂಗಬಾರದೆಂದು ಊರೂರು ತಿರುಗಿದವರು ಅವರೇ. ಅಂಥವರಿಗೆ ಕೊಡಲು ಹೋಗುವ ನಾವು ಅವರಿಂದ ಕಲಿಯಬೇಕಾದುದೇ ಅಧಿಕ.

ಇನ್ನು ಇಂತಹ ಸಂಸ್ಥೆಗಳಲ್ಲಿ ನಿಜವಾಗಿ ನಡೆಯುವ ಕೆಲಸವೇನೆಂಬುದನ್ನು ವಿಚಾರಿಸೋಣ. ಸಂದರ್ಶಕನ ಕಣ್ಣಿಗೆ ಬೀಳುವುದು ಊಟದ ಮನೆ, ಮಲಗುವ ಕೋಣೆ, ಗೋಡೆಯ ಮೇಲಿನ ಚಿತ್ರಗಳು. ಕಣ್ಣಿಗೆ ಬೀಳದ ಕೆಲಸವೇ ದೊಡ್ಡದು. ಗಂಡನ ಹೊಡೆತಕ್ಕೆ ಸಿಕ್ಕಿ ಮಗುವಿನೊಡನೆ ರಾತ್ರಿ ಹೊರಬಂದ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿರಿ. ಆಕೆಯನ್ನು ಆಸ್ಪತ್ರೆಗೆ ಒಯ್ಯಬೇಕು, ಪೋಲೀಸ ಠಾಣೆಯಲ್ಲಿ ಫಿರ್ಯಾದು ಬರೆಯಿಸಬೇಕು, ವಕೀಲರನ್ನು ಗೊತ್ತುಮಾಡಬೇಕು. ಮಗುವನ್ನು ಹೊಸ ಶಾಲೆಗೆ ಸೇರಿಸಬೇಕು. ಮನೆಯಲ್ಲಿಯೇ ಉಳಿದುಹೋದ ಆಧಾರ್ ಕಾರ್ಡು, ರೇಶನ್ ಕಾರ್ಡುಗಳಿಗಾಗಿ ಅಲೆಯಬೇಕು. ಕೊನೆಗೆ ಆಕೆ ಸ್ವಂತ ಕಾಲಮೇಲೆ ನಿಲ್ಲುವಂತಹ ಉದ್ಯೋಗವನ್ನು ಕಲಿಸಬೇಕು. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯು ಇಂತಹ ಅರ್ಜಿಯನ್ನು 60 ದಿನಗಳೊಳಗೆ ಮುಗಿಸಲು ನ್ಯಾಯಾಧೀಶರು ಯತ್ನಿಸಬೇಕೆನ್ನುತ್ತದೆ. ಆದರೆ ಕೋರ್ಟಿನ ತಾರೀಖುಗಳು ಅಷ್ಟಕ್ಕೇ ಮುಗಿಯುವುದು ವಿರಳ. ಅಷ್ಟೂ ಕಾಲ ಆಕೆಯ ಬೆನ್ನಿಗೆ ಯಾರಾದರೂ ನಿಲ್ಲಬೇಕಲ್ಲವೆ?

ಈ ತಿಳಿವಿನಿಂದಲೇ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು 1984ರಲ್ಲಿ ಮುಂಬಯಿ ಪೋಲೀಸ ಆಯುಕ್ತರ ಕಚೇರಿಯಲ್ಲಿಯೇ ಸ್ತ್ರೀಯರಿಗೂ ಮಕ್ಕಳಿಗೂ ಒಂದು ವಿಶೇಷ ವಿಭಾಗವನ್ನಾರಂಭಿಸಿ, ಸಮಾಜಕಾರ್ಯಕರ್ತೆಯರನ್ನು ಅಲ್ಲಿ ಕೂರಿಸಿದರು. 1986ರಲ್ಲಿ ಆರಂಭವಾದ "ಪ್ರೇರಣಾ" ಸಂಸ್ಥೆಯು ಕಾಮಾಠಿಪುರದ ತಾಯಂದಿರ ಮಕ್ಕಳಿಗೆ ರಾತ್ರಿಯ ಹೊತ್ತು ಸುರಕ್ಷಿತವಾಗಿ ಉಣ್ಣಲು, ಓದಲು, ಮಲಗಲು ಸ್ಥಳವನ್ನೊದಗಿಸಿತು. ಹಗಲಿನ ಶಾಲೆ ಎಲ್ಲೆಡೆಯೂ ಇತ್ತು. ಆ ಮಕ್ಕಳಿಗೆ ಬೇಕಾಗಿದ್ದುದು ರಾತ್ರಿಯ ಆಸರೆ. ಇಲ್ಲದವರಿಗೆ ಏನು ಬೇಕೆಂಬುದನ್ನು ಅವರನ್ನೇ ಕೇಳಿ ತಿಳಿದುಕೊಂಡರೆ ಸೇವೆಯು ಹೇಗೆ ಬೇರೆಯಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ವರ್ಷಕ್ಕೊಮ್ಮೆ ಒಂದೇ ದಿನ ಐದು ಶಾಲೆಗಳಿಂದ ಬಿಸ್ಕೀಟು ಬಂದು ಬೀಳುವುದಕ್ಕಿಂತ, ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವು ಅಲ್ಲಿಯವರಿಗೆ ಹೆಚ್ಚು ಬಲ ಕೊಡುತ್ತದೆ.

ಛಾಯಾಚಿತ್ರದ ವಿಷಯವನ್ನೂ ಹೇಳಲೇಬೇಕು. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇದೆ. ಚಿತ್ರ ತೆಗೆಯಲು ಒಂದು ಕ್ಷಣ ಸಾಕು, ಅದು ಊರೆಲ್ಲ ಹರಡಲು ಇನ್ನೊಂದು ಕ್ಷಣ ಸಾಕು. ಆದರೆ ಅದೇ ಚಿತ್ರವನ್ನು ನೋಡಿ, ಯಾರಿಂದ ತಪ್ಪಿಸಿಕೊಂಡು ಬಂದಳೋ ಅವನೇ ಆಶ್ರಮದ ಬಾಗಿಲಿಗೆ ಬಂದು ನಿಂತರೆ? 2015ರ ಬಾಲನ್ಯಾಯ ಕಾಯಿದೆಯು ಇಂತಹ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು ವಿಧಿಸಿದೆ. ಮೀರಿದವರಿಗೆ 6 ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ ಆಗಬಹುದು. ದಂಡದ ಭಯಕ್ಕಾಗಿಯಲ್ಲ, ಆ ಮಗುವಿನ ಭಯಕ್ಕಾಗಿ ನಾವು ಈ ನಿಯಮವನ್ನು ಪಾಲಿಸಬೇಕು. ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಅಂತಹ ಚಿತ್ರವೊಂದು ಅಚ್ಚಾಗದಿದ್ದರೆ ಸಂಚಿಕೆಗೆ ಯಾವ ಕುಂದೂ ಬಾರದು.

"ದುಃಖವನ್ನು ಕಣ್ಣಾರೆ ಕಾಣದೆ ಮಕ್ಕಳಲ್ಲಿ ದಯೆ ಹೇಗೆ ಬೆಳೆದೀತು?" ಎಂದು ಕೆಲವು ಹಿರಿಯರು ಕೇಳುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ದುಃಖವನ್ನು ಕಾಣಲು ದೂರ ಹೋಗಬೇಕಾದುದೇನೂ ಇಲ್ಲ. ನಮ್ಮ ಶಾಲೆಗಳಿಗೆ ಬರುವವರು ಯಾರ ಮಕ್ಕಳು? ಹೋಟೆಲುಗಳಲ್ಲಿ ದುಡಿಯುವವರ, ಕಟ್ಟಡದ ಕೆಲಸಕ್ಕೆ ಹೋಗುವವರ, ಮನೆಗೆಲಸ ಮಾಡುವ ತಾಯಂದಿರ ಮಕ್ಕಳು. ಬಡತನವು ನಮ್ಮ ಬೆಂಚಿನ ಮೇಲೆಯೇ ನಮ್ಮ ಪಕ್ಕದಲ್ಲಿ ಕುಳಿತಿದೆ. ಮನೆಯಲ್ಲಿ ಹೊಡೆತ ಬಡಿತಗಳನ್ನು ಕಂಡು, ಅದನ್ನು ಯಾರೊಡನೆಯೂ ಆಡಲಾರದೆ ತರಗತಿಯಲ್ಲಿ ಸುಮ್ಮನೆ ಕುಳಿತಿರುವವರು ನಿಮ್ಮಲ್ಲಿಯೂ ಇರಬಹುದು. ಬಸ್ಸಿನಲ್ಲಿ ಆಶ್ರಮವನ್ನು ನೋಡಲು ಹೊರಟ ಐವತ್ತು ಜನರಲ್ಲಿ ಒಬ್ಬಳು, ಆ ಆಶ್ರಮದ ಆಸರೆ ತನಗೇ ಬೇಕಾಗಿದೆಯೆಂದು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಿರಬಹುದು. ನಾವು ಅಲ್ಲಿಯವರನ್ನು ಬೆರಳು ತೋರಿಸಿ ಮಾತನಾಡಿದರೆ ಆಕೆಯ ಬಾಯಿ ಶಾಶ್ವತವಾಗಿ ಮುಚ್ಚಿಹೋಗುವುದು. ನಾವು ಅವರನ್ನು ನೆರೆಹೊರೆಯವರಂತೆ ಕಂಡರೆ, ನೆರವನ್ನು ಕೇಳುವುದು ಅವಮಾನವಲ್ಲವೆಂದು ಆಕೆ ತಿಳಿದಾಳು. ಸಂದರ್ಶನದಿಂದ ಬೇರೇನೂ ಆಗದೆ ಇದೊಂದೇ ಆದರೂ ಅದು ವ್ಯರ್ಥವಲ್ಲ. ಅಂಥವರು 1098ನ್ನು ನೆನಪಿಡಬೇಕು. 1996ರಲ್ಲಿ ಇದೇ ಮುಂಬಯಿಯಲ್ಲಿ ಮಕ್ಕಳಿಗಾಗಿ ಆರಂಭವಾದ ಆ ದೂರವಾಣಿಗೆ ಹಣ ಬೇಕಿಲ್ಲ. ತಾಯಂದಿರಿಗೆ, ಅಕ್ಕಂದಿರಿಗೆ 181 ಇದೆ. ಇವೆಲ್ಲಕ್ಕಿಂತ ಮೊದಲು, ನೀವು ನಂಬುವ ಗುರುಗಳೊಬ್ಬರು ಶಾಲೆಯಲ್ಲಿ ಇದ್ದೇ ಇರುತ್ತಾರೆ.

ಹಾಗಾದರೆ ಸಂದರ್ಶನವೇ ಬೇಡವೆ? ಬೇಕು, ಆದರೆ ಕ್ರಮವರಿತು. ಮೊದಲು ಆ ಸಂಸ್ಥೆಯವರಿಗೆ ಪತ್ರ ಬರೆದು, ಅವರಿಗೆ ಏನು ಬೇಕು, ಯಾವಾಗ ಬರಬಹುದು, ಎಷ್ಟು ಜನ ಬರಬಹುದು ಎಂದು ಕೇಳಿ ತಿಳಿಯಬೇಕು. ಬೇಡವೆಂದರೆ ಹೋಗಬಾರದು. ದೊಡ್ಡ ತರಗತಿಯ ಕೆಲವೇ ವಿದ್ಯಾರ್ಥಿಗಳು ಹೋದರೆ ಸಾಕು. ತಂದ ವಸ್ತುಗಳನ್ನು ಸಾಲಿನಲ್ಲಿ ನಿಲ್ಲಿಸಿ ಹಂಚದೆ ಅಲ್ಲಿಯ ಉಗ್ರಾಣಕ್ಕೆ ಒಪ್ಪಿಸಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಾವು ತೊಡಲಾರದ ಹರಕು ಬಟ್ಟೆಯನ್ನು ಇನ್ನೊಬ್ಬರಿಗೆ ಕೊಡುವುದು ದಾನವಲ್ಲ. "ನೀನು ಇಲ್ಲಿಗೆ ಏಕೆ ಬಂದೆ?" ಎಂಬ ಪ್ರಶ್ನೆ ನಮ್ಮ ನಾಲಗೆಯ ಮೇಲೆ ಬರಲೇಬಾರದು. "ನಿನಗೆ ಯಾವ ಆಟ ಇಷ್ಟ?" ಎಂದು ಕೇಳಿ, ಆ ಆಟವನ್ನು ಒಟ್ಟಿಗೆ ಆಡಿ ಬನ್ನಿರಿ.

ನಮ್ಮಿಂದ ಮಾತ್ರ ಸಾಧ್ಯವಾಗುವ ಸೇವೆಯೊಂದಿದೆ. ಕಲಬುರ್ಗಿ, ರಾಯಚೂರು, ವಿಜಯಪುರಗಳಿಂದ ಕೂಲಿ ಹುಡುಕಿಕೊಂಡು ಈ ಮಹಾನಗರಕ್ಕೆ ಬರುವವರು ಬಹಳ ಜನ. ಅವರಲ್ಲೊಬ್ಬಳು ಕಷ್ಟಕ್ಕೆ ಸಿಕ್ಕಿ ಆಶ್ರಮವನ್ನು ಸೇರಿದರೆ, ಆಕೆಗೆ ಮರಾಠಿ ಬಾರದು, ಹಿಂದಿ ಬಾರದು. ತನ್ನ ಕಷ್ಟವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲಾಗದಿರುವುದೂ ಒಂದು ಬಡತನವೇ. ಕನ್ನಡ ಸಂಘದ ಹಿರಿಯರು, ಅಧ್ಯಾಪಕರು ಅಂತಹ ಕಡೆ ತಮ್ಮ ಹೆಸರು ಕೊಟ್ಟು, ಕರೆದಾಗ ಹೋಗಿ ದುಭಾಷಿಗಳಾಗಬಹುದು, ಅರ್ಜಿ ಬರೆದುಕೊಡಬಹುದು. ಕೇಳಿದ ಮಾತನ್ನು ಮಾತ್ರ ಹೊರಗೆ ಆಡಬಾರದು. ವಿದ್ಯಾರ್ಥಿಗಳಾದ ನೀವು ಓದಿ ಮುಗಿಸಿದ ಕನ್ನಡ ಕಥಾಪುಸ್ತಕಗಳನ್ನು ಶುಚಿಯಾಗಿ ಹೊದಿಕೆ ಹಾಕಿ ಅಲ್ಲಿಯ ಮಕ್ಕಳಿಗೆ ಕಳಿಸಬಹುದು. ಈ ನಗರದಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ಪ್ರತಿವರ್ಷ ರಾಜ್ಯೋತ್ಸವದ ವೇದಿಕೆಯಿಂದ ಹೇಳುತ್ತೇವೆ. ಕಷ್ಟದಲ್ಲಿರುವವಳ ಕಿವಿಗೆ "ಹೆದರಬೇಡ ತಂಗಿ" ಎಂದು ಬೀಳುವ ಒಂದು ಕನ್ನಡದ ಮಾತು ಆ ಭಾಷಣಗಳಿಗಿಂತ ಹೆಚ್ಚಾಗಿ ಭಾಷೆಯನ್ನು ಉಳಿಸೀತು.

ಕೊಡುವವರು, ಕೊಳ್ಳುವವರು ಎಂದು ಜಗತ್ತಿನಲ್ಲಿ ಎರಡು ಜಾತಿಗಳಿಲ್ಲ. ಇಂದು ಕೊಟ್ಟ ಕೈ ನಾಳೆ ಚಾಚಬೇಕಾದೀತು, ಇಂದು ಚಾಚಿದ ಕೈ ನಾಳೆ ನೂರು ಜನರನ್ನು ಎತ್ತೀತು. ಈ ತಿಳಿವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವ ವಿದ್ಯಾರ್ಥಿಯು ಬರಿಗೈಯಲ್ಲಿ ಹೋದರೂ ಅಡ್ಡಿಯಿಲ್ಲ. ಆತನಿಗೆ ಅಲ್ಲಿ ಸ್ವಾಗತವಿದ್ದೇ ಇರುತ್ತದೆ.