ಅಪ್‌ಡೇಟ್ ಎಂದಿನವರೆಗೆ? ಡಬ್ಬಿಯ ಮೇಲೆ ಬರೆಯಲಿ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂಥ ಊರಿನಲ್ಲೂ ಈಗ ಹಾಲಿನ ಬಟವಾಡೆ, ಪಹಣಿ, ಅಂಗಡಿ ಬಾಕಿ ಎಲ್ಲವೂ ಆಂಡ್ರಾಯ್ಡ್ ಫೋನಿನಲ್ಲೇ. ಆಂಡ್ರಾಯ್ಡಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಆ ಕರ್ನಲ್ಲಿನೊಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ ಸಲಕರಣೆಗಳೇ ಟ್ರೇಸಿಂಗ್.

ಇವುಗಳಲ್ಲೊಂದಾದ ಕೆಪ್ರೋಬ್ಸ್ ಬೆಳೆದದ್ದರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದ ಪಾಲು ದೊಡ್ಡದು. 2002ರಲ್ಲಿ ವಂಶಿಕೃಷ್ಣ ಬರೆದ ಮೊದಲ ರೂಪವನ್ನು 2004ರಲ್ಲಿ ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ವಿಸ್ತರಿಸಿದರು. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ, ಬೇಕಾದ ಜಾಗದಲ್ಲಿ ಕಾದು ಕುಳಿತು ಲೆಕ್ಕ ಬರೆದುಕೊಳ್ಳುವ ಉಪಾಯ ಅದು. ತಡವರಿಸುವ ಸರ್ವರಿನ ಕಾಯಿಲೆ ಹುಡುಕಲು ಇಂಥದ್ದು ಬೇಕೇ ಬೇಕು. ಅದನ್ನು ಹೂಡಲು ರೂಟ್ ಅಧಿಕಾರವೂ, ಅಂದರೆ ಯಂತ್ರದ ಮೇಲೆ ಪೂರ್ಣ ಹಿಡಿತವೂ ಬೇಕು, ಅದೇ ಸರಿ.

ಪರ್ಫ್ ಎಂಬ ಇನ್ನೊಂದು ಸಲಕರಣೆಗೆ ಆ ಬಿಗಿ ಇರಲಿಲ್ಲ. ಸಾಮಾನ್ಯ ಬಳಕೆದಾರನೂ ಅದನ್ನು ಕರೆಯಬಹುದಿತ್ತು. ಕೊಟ್ಟ ಸಂಖ್ಯೆ ಮಿತಿ ಮೀರಿದೆಯೇ ಎಂದು ಅದು ನೋಡುತ್ತಿತ್ತು, ಸೊನ್ನೆಗಿಂತ ಕೆಳಗಿದೆಯೇ ಎಂದು ಮಾತ್ರ ನೋಡುತ್ತಿರಲಿಲ್ಲ. ಆ ಸಂದಿಯಲ್ಲಿ ನುಸುಳಿದರೆ ಯಾರಾದರೂ ಯಂತ್ರದ ಯಜಮಾನ! ಮನಬಂದ ಸಂಖ್ಯೆಗಳನ್ನು ಕರ್ನಲ್ಲಿಗೆ ತೂರುವ ಟ್ರಿನಿಟಿ ಎಂಬ ಪರೀಕ್ಷಾ ತಂತ್ರಾಂಶ ಓಡಿಸುತ್ತಿದ್ದ ಟಾಮಿ ರಂತಲಾ ಅವರ ಕಣ್ಣಿಗೆ ಇದು ಬಿದ್ದು, 2013ರ ಏಪ್ರಿಲ್‌ನಲ್ಲಿ ದುರಸ್ತಿಯಾಯಿತು. ಅಷ್ಟರಲ್ಲಿ ದೋಷಕ್ಕೆ ಎರಡು ವರ್ಷ ದಾಟಿತ್ತು. ಮೇ ತಿಂಗಳಲ್ಲಿ ದಾಳಿಯ ಕೋಡ್ ಬಹಿರಂಗವಾಯಿತು, ಜೂನ್‌ನಲ್ಲಿ ಅದು ಆಂಡ್ರಾಯ್ಡಿಗೂ ಇಳಿದದ್ದನ್ನು ಭದ್ರತಾ ಕಂಪನಿ ಸಿಮ್ಯಾಂಟೆಕ್ ವರದಿ ಮಾಡಿತು.

ಸಾಮಾನ್ಯರ ಫೋನಿನಲ್ಲಿ ಪರ್ಫ್ ತಾನಾಗಿಯೇ ಮುಚ್ಚಿರಲಿ, ಡೆವಲಪರ್‌ಗೆ ಬೇಕಾದಾಗ ತೆರೆದುಕೊಳ್ಳಲಿ ಎಂಬ ಬುದ್ಧಿ ಗೂಗಲ್‌ಗೆ ಬಂದದ್ದು 2016ರ ಆಂಡ್ರಾಯ್ಡ್ 7ರಲ್ಲಿ. ತಡವಾದರೂ ಒಳ್ಳೆಯದೇ. ಆದರೆ ಇಂಥ ತಿದ್ದುಪಡಿ ಹೊಸ ಫೋನಿಗೆ ಬರುತ್ತದೆ. ಅಣ್ಣ ಬಳಸಿ ತಮ್ಮನಿಗೆ, ತಮ್ಮನಿಂದ ಅಮ್ಮನಿಗೆ ದಾಟಿದ ಹಳೆಯ ಫೋನಿಗೆ ಬರುವುದಿಲ್ಲ.

ಕೇಂದ್ರದ ಸರ್ಟ್-ಇನ್ ಸಂಸ್ಥೆ ಆಂಡ್ರಾಯ್ಡ್ ದೋಷಗಳ ಬಗ್ಗೆ ಆಗಾಗ ಎಚ್ಚರಿಸಿ, ಅಪ್‌ಡೇಟ್ ಹಾಕಿಕೊಳ್ಳಿ ಎನ್ನುತ್ತದೆ. ಕಂಪನಿಯೇ ಕಳಿಸದ ಅಪ್‌ಡೇಟನ್ನು ಹಳ್ಳಿಯ ಅಂಗಡಿಯವರು ಎಲ್ಲಿಂದ ತರಬೇಕು?

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಂದಿನವರೆಗೆ ಸಿಗುತ್ತದೆ ಎಂಬುದನ್ನು ಫೋನ್ ತಯಾರಕರು ಬಹಿರಂಗಪಡಿಸಲೇಬೇಕು. ನಮ್ಮಲ್ಲಿ ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ಹೇಗೂ ಅಚ್ಚಾಗುತ್ತವೆ. ಕೊನೆಯ ಅಪ್‌ಡೇಟಿನ ತಿಂಗಳನ್ನೂ ಅದರ ಪಕ್ಕದಲ್ಲೇ, ಕನ್ನಡದಲ್ಲಿ ಅಚ್ಚು ಹಾಕಿಸುವ ನಿಯಮವನ್ನು ಕೇಂದ್ರ ಸರ್ಕಾರ ತರಬೇಕು.