ಗಲ್ಲಾಪೆಟ್ಟಿಗೆಯೂ ಕಾಯಕಧರ್ಮವೂ



ಭದ್ರಾವತಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಭಕ್ತರೊಬ್ಬರು ಒಂದು ಸೋಮವಾರ ಮಠಕ್ಕೆ ಬಂದಿದ್ದರು. ಪೂಜೆ, ಪ್ರಸಾದ ಮುಗಿದು ಎಲ್ಲರೂ ಎದ್ದು ಹೋದರೂ ಅವರು ಕುಳಿತೇ ಇದ್ದರು. ಏನೆಂದು ಕೇಳಿದೆವು.

"ಬುದ್ಧಿ, ಆರು ತಿಂಗಳಿಂದ ಗಲ್ಲದಲ್ಲಿ ದುಡ್ಡು ನಿಲ್ತಾ ಇಲ್ಲ. ವ್ಯಾಪಾರ ಇದೆ, ಕೈಗೆ ಏನೂ ಉಳಿಯಲ್ಲ. ಅಂಗಡಿಯಲ್ಲಿ ಮೂರು ಜನ ಇದ್ರು. ಚಿಕ್ಕ ಹುಡುಗನ ಮೇಲೆ ಅನುಮಾನ ಬಂತು, ಗಿರಾಕಿಗಳ ಮುಂದೆಯೇ ಎರಡು ಬಿಗಿದು ಮನೆಗೆ ಕಳಿಸಿದೆ. ಆದ್ರೂ ಸೋರಿಕೆ ನಿಂತಿಲ್ಲ. ಉಳಿದಿಬ್ಬರನ್ನ ಕರ್ಕೊಂಡು ಬರ್ತೀನಿ, ಗದ್ದುಗೆ ಮುಂದೆ ಆಣೆ ಮಾಡಿಸಿ. ಇಲ್ಲಾಂದ್ರೆ ಅಂಜನ ಹಾಕಿಸ್ತೀನಿ" ಎಂದರು.

ನಾವು ಒಪ್ಪಲಿಲ್ಲ. ಗದ್ದುಗೆಯ ಮುಂದೆ ನಡುಗುವವನು ನಿರಪರಾಧಿಯೂ ಆಗಿರಬಹುದು. ಬಡವನ ಮಗ ಹೆದರುವುದಕ್ಕೆ ಕಳ್ಳತನವೇ ಮಾಡಿರಬೇಕೆಂದಿಲ್ಲ. ನಡುಗದೆ ಆಣೆ ಇಡುವವನೇ ಕಳ್ಳನಾಗಿರಲೂಬಹುದು. "ನೋಡಪ್ಪ, ಆಣೆ ಆಮೇಲೆ. ಮೊದಲು ನಿನ್ನ ಲೆಕ್ಕದ ಪುಸ್ತಕ ತೆಗೆದುಕೊಂಡು ಬಾ" ಎಂದೆವು. ಅವರು ತಲೆ ತಗ್ಗಿಸಿದರು. ಪುಸ್ತಕವೇ ಇರಲಿಲ್ಲ.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಎಂಬುದು ನಿಮಗೆಲ್ಲ ಗೊತ್ತು. ಅವರು ಅರಸನ ಬೊಕ್ಕಸವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ಚಾಡಿ ಹೇಳಿದರು. ಬಿಜ್ಜಳ ಲೆಕ್ಕ ಕೇಳಿದ. ಎಣಿಸಿ ನೋಡಿದಾಗ ಭಂಡಾರದಲ್ಲಿ ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಈ ಕಥೆಯಲ್ಲಿ ನಾವು ಬಸವಣ್ಣನವರ ನಿಷ್ಠೆಯನ್ನು ಕೊಂಡಾಡುತ್ತೇವೆ, ಅದು ಸರಿಯೇ. ಆದರೆ ಅಂಗಡಿಯ ಯಜಮಾನರು ಕಲಿಯಬೇಕಾದ ಪಾಠ ಇನ್ನೊಂದಿದೆ. ದಂಡಿಸುವ ಮುಂಚೆ ಎಣಿಸಬೇಕು. ಎಣಿಸಲು ಲೆಕ್ಕ ಬರೆದಿಟ್ಟಿರಬೇಕು. ಲೆಕ್ಕವಿದ್ದುದರಿಂದಲೇ ಭಂಡಾರಿಯ ಮಾನ ಉಳಿಯಿತು. ಲೆಕ್ಕ ಕಳ್ಳನನ್ನು ಹಿಡಿಯುವುದು ಎಷ್ಟು ನಿಜವೋ, ನಂಬಿಗಸ್ತನನ್ನು ಕಾಯುವುದೂ ಅಷ್ಟೇ ನಿಜ.

ಆ ಭಕ್ತರು ಒಂದು ತಿಂಗಳು ನಾವು ಹೇಳಿದಂತೆ ನಡೆದರು. ಬೆಳಿಗ್ಗೆ ಗಲ್ಲದಲ್ಲಿರುವ ಹಣವನ್ನು ಇಬ್ಬರು ಎಣಿಸಿ ಬರೆಯುವುದು, ರಾತ್ರಿ ಬಾಗಿಲು ಹಾಕುವಾಗ ಮತ್ತೆ ಎಣಿಸುವುದು. ಎಷ್ಟು ಚಿಕ್ಕ ವ್ಯಾಪಾರವಾದರೂ ಚೀಟಿ ಹರಿಯುವುದು. ಮಂಡಿಯಿಂದ ಬಂದ ಮೂಟೆಯನ್ನು ಬಿಲ್ಲಿಗೆ ತಾಳೆ ನೋಡಿ, ತೂಗಿಯೇ ಒಳಗಿಡುವುದು. ಮಾಲು ಇಳಿಸಿಕೊಳ್ಳುವವನ ಕೈಯಲ್ಲೇ ಹಣ ಪಾವತಿಯನ್ನೂ ಕೊಡದಿರುವುದು. ವಾರಕ್ಕೊಮ್ಮೆ ಸಕ್ಕರೆ, ಎಣ್ಣೆ, ಬೇಳೆ ಹೀಗೆ ಯಾವುದಾದರೂ ಎರಡು ಸಾಮಾನನ್ನು ಹಿಡಿದು, ಬಂದದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ನೋಡುವುದು. ಈಗ ಮೊಬೈಲಿನಲ್ಲಿ ಹಣ ಕೊಡುವ ಕಾಲ. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಯಜಮಾನನ ಖಾತೆಯದೇ ಹೌದೋ ಅಲ್ಲವೋ ಎಂದು ದಿನವೂ ನೋಡುವುದು, ರಾತ್ರಿ ಆ ಜಮೆಯನ್ನೂ ಚೀಟಿಗಳ ಜೊತೆ ಹೊಂದಿಸುವುದು. ಅಡಿಕೆ ಮಾರಿದ ರೈತರು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬುವ ದಿನಗಳುಂಟಲ್ಲ, ಅಂಥ ದಿನ ಈ ಎಚ್ಚರ ಇಮ್ಮಡಿಯಾಗಬೇಕು. ನೂಕುನುಗ್ಗಲಿನಲ್ಲಿ ತಪ್ಪೂ ಆಗುತ್ತದೆ, ತಪ್ಪಿನ ಮರೆಯಲ್ಲಿ ಕಳವೂ ಆಗುತ್ತದೆ.

ತಿಂಗಳು ಕಳೆದು ಅವರು ಮತ್ತೆ ಬಂದರು. ಸೋರಿಕೆಯ ದೊಡ್ಡ ಪಾಲು ಅವರ ಮನೆಗೇ ಹೋಗಿತ್ತು! ಮಗ ಪೆಟ್ರೋಲಿಗೆಂದು ಗಲ್ಲಕ್ಕೆ ಕೈ ಹಾಕುತ್ತಿದ್ದ. ಮನೆಗೆ ಹೋಗುವ ದಿನಸಿ ಬರೆಯುತ್ತಿರಲಿಲ್ಲ. ನೆಂಟರಿಗೆ ಕೊಟ್ಟ ಉದ್ದರಿ ಬಾಯಿಮಾತಿನಲ್ಲೇ ಉಳಿದಿತ್ತು. ಮತ್ತೊಂದಿಷ್ಟು ಒಣಗಿದ ಬೆಲ್ಲದ, ಇಲಿ ತಿಂದ ಕಾಳಿನ ನಷ್ಟ. ಉಳಿದದ್ದು ಮಾತ್ರ ನಿಜವಾದ ಕಳವು. ಮಾಡಿದವನು ಹೊಡೆಸಿಕೊಂಡ ಹುಡುಗನಲ್ಲ. ಹನ್ನೊಂದು ವರ್ಷ ಜೊತೆಗಿದ್ದ, ಬೀಗದ ಕೈಯನ್ನೇ ಕೊಟ್ಟಿದ್ದ ಹಿರಿಯ ಆಳು. ಚೀಟಿ ಹರಿಯದೆ ಮಾರಿದ ಹಣವನ್ನು ಅವನು ಇಟ್ಟುಕೊಳ್ಳುತ್ತಿದ್ದ.

ಅವನನ್ನು ಏನು ಮಾಡಬೇಕು? ಕಾನೂನಿನ ಮಾತನ್ನು ಮೊದಲು ಹೇಳುತ್ತೇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಮಿನಂತೆ, ಯಜಮಾನನ ಸೊತ್ತನ್ನು ಕದ್ದ ನೌಕರನಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಾಗೆಂದು ಯಜಮಾನನಿಗೆ ಹೊಡೆಯುವ, ಕೂಡಿಹಾಕುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. ಅದು ಬೇರೆಯೇ ಅಪರಾಧ. ಆರು ತಿಂಗಳಿಗೂ ಮೇಲ್ಪಟ್ಟು ದುಡಿದವನನ್ನು ಕಳವಿನ ಆರೋಪ ಹೊರಿಸಿ ತಕ್ಷಣ ತೆಗೆಯಬೇಕಾದರೆ, ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕೆಂದು ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯ್ದೆ ಹೇಳುತ್ತದೆ. ಹೊಸ ಸಂಹಿತೆಯಲ್ಲಿ ಇನ್ನೊಂದು ಒಳ್ಳೆಯ ಮಾತೂ ಇದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವಿನಲ್ಲಿ ಮೊದಲ ಸಲ ತಪ್ಪಿತಸ್ಥನಾದವನು ಕದ್ದದ್ದನ್ನು ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಹಿಂದಿರುಗಿಸು, ಸೇವೆ ಮಾಡು, ಮತ್ತೆ ಮನುಷ್ಯನಾಗು ಎಂಬ ಈ ಕ್ರಮ ನಮಗೆ ಮೆಚ್ಚುಗೆಯಾಗಿದೆ.

ಕದ್ದದ್ದನ್ನು ಬಿಟ್ಟುಬಿಡಿ ಎಂದು ನಾವು ಹೇಳುವವರಲ್ಲ. ಕ್ಷಮೆಯ ಹೆಸರಿನಲ್ಲಿ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಪ್ರಾಮಾಣಿಕವಾಗಿ ದುಡಿಯುವವನಿಗೆ ಅನ್ಯಾಯವಾಗುತ್ತದೆ. ಆ ಆಳನ್ನು ಅವನ ಮನೆಯ ಹಿರಿಯರೊಬ್ಬರ ಜೊತೆ ಒಳಗೆ ಕೂರಿಸಿಕೊಂಡು, ಲೆಕ್ಕವನ್ನು ಮುಂದಿಟ್ಟು, ದನಿ ಎತ್ತದೆ ಕೇಳಿ ಎಂದೆವು. ಹಾಗೆಯೇ ಮಾಡಿದರು. ಅವನು ಅತ್ತು ಒಪ್ಪಿಕೊಂಡ. ಮನೆಯವಳ ಆಸ್ಪತ್ರೆಯ ಸಾಲ ತಲೆಯ ಮೇಲಿತ್ತು. ಸಂಬಳ ನಾಲ್ಕು ವರ್ಷದಿಂದ ಏರಿರಲಿಲ್ಲ. ಮುಂಗಡ ಕೇಳಿದಾಗ ಯಜಮಾನರು ಗದರಿದ್ದರಂತೆ. ಇದರಿಂದ ಕಳವು ಧರ್ಮವಾಗಲಿಲ್ಲ. ಆದರೆ ಯಜಮಾನನ ಲೆಕ್ಕದಲ್ಲೂ ಒಂದು ಬಾಕಿ ಇತ್ತೆಂದು ತಿಳಿಯಿತು. ಕಂತಿನಲ್ಲಿ ಹಣ ತೀರಿಸುವುದೆಂದು ಬರೆದುಕೊಂಡರು. ಅವನನ್ನು ಗಲ್ಲದಿಂದ ತೆಗೆದು ಗೋದಾಮಿಗೆ ಹಾಕಿದರು. ಎಲ್ಲರ ಸಂಬಳವನ್ನೂ ಏರಿಸಿದರು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಮರಳಿ ಕಳಿಸಿದರು. ಆ ಅಕ್ಕಿಯನ್ನು ಅವರು ಕದ್ದು ತಂದಿರಲಿಲ್ಲ, ಆದರೂ ತಮ್ಮ ಕಾಯಕಕ್ಕೆ ಮೀರಿದ್ದು ಬೇಡವೆಂದರು. ದುಡಿಯುವವನ ಮನೆಯಲ್ಲಿ ಅಂಥ ಲಕ್ಕಮ್ಮ ಇರಬೇಕು. ದುಡಿಸಿಕೊಳ್ಳುವವನ ಮನೆಯಲ್ಲೂ ಇರಬೇಕು. ಕೂಲಿಯಲ್ಲಿ ಹಿಡಿದಿಟ್ಟುಕೊಂಡದ್ದೂ ಕಾಯಕಕ್ಕೆ ಮೀರಿದ್ದೇ ಅಲ್ಲವೇ? ಪಂಚಾಚಾರಗಳಲ್ಲಿ ಸದಾಚಾರವು ಸತ್ಯಶುದ್ಧ ದುಡಿಮೆಯನ್ನು ವಿಧಿಸಿದರೆ, ಭೃತ್ಯಾಚಾರವು ನಾನೇ ಎಲ್ಲರ ಸೇವಕನೆಂಬ ಭಾವವನ್ನು ಬೇಡುತ್ತದೆ. ಗಲ್ಲದ ಹಿಂದೆ ಕುಳಿತವನಿಗೂ ಇದರಿಂದ ವಿನಾಯಿತಿಯಿಲ್ಲ.

ಎಲ್ಲ ಸರಿಹೋಯಿತೆಂದು ಆ ಭಕ್ತರು ಹಣ್ಣುಕಾಯಿ ತಂದು ನಮ್ಮ ಮುಂದಿಟ್ಟರು. ನಾವು ಮುಟ್ಟಲಿಲ್ಲ. "ಆ ಚಿಕ್ಕ ಹುಡುಗನ ಲೆಕ್ಕ ಏನಾಯಿತು?" ಎಂದು ಕೇಳಿದೆವು. ಕದ್ದ ಹಣ ಕಂತಿನಲ್ಲಿ ಬಂದೀತು. ನಾಲ್ಕು ಜನರ ಮುಂದೆ ಹೋದ ಮಾನ ಹಾಗೆ ಬರುವುದಿಲ್ಲ. ಕಬ್ಬಿಣದ ಕಾರ್ಖಾನೆ ಸೊರಗಿ, ಕಾಗದದ ಕಾರ್ಖಾನೆಯ ಯಂತ್ರಗಳು ನಿಂತ ಊರಿನಲ್ಲಿ, ಕಳ್ಳನೆನಿಸಿಕೊಂಡ ಹುಡುಗನಿಗೆ ಬೇರೆ ಅಂಗಡಿಯವರು ಕೆಲಸ ಕೊಟ್ಟಾರೆಯೇ? ಬೈದದ್ದು ಬೀದಿಯಲ್ಲಾದರೆ ತಪ್ಪೊಪ್ಪಿಗೆಯೂ ಬೀದಿಯಲ್ಲೇ ಆಗಬೇಕು ಎಂದೆವು.

ಮೂರನೆಯ ದಿನ ಅವರು ಆ ಹುಡುಗನ ಕೇರಿಗೆ ಹೋಗಿ, ಅವನ ತಾಯಿಯೆದುರು, ನೆರೆಹೊರೆಯವರೆದುರು ಕೈಮುಗಿದರು. ಹುಡುಗ ಮತ್ತೆ ಆ ಅಂಗಡಿಗೆ ಬರಲು ಒಪ್ಪಲಿಲ್ಲ. ಅದು ಅವನ ಹಕ್ಕು. ಯಜಮಾನರೇ ತಮ್ಮ ಪರಿಚಯದ ಇನ್ನೊಂದು ಅಂಗಡಿಯಲ್ಲಿ ಅವನಿಗೆ ಕೆಲಸ ಕೊಡಿಸಿದರು. ಆಮೇಲೆ ಅವರ ಹಣ್ಣುಕಾಯಿಯನ್ನು ಸ್ವೀಕರಿಸಿದೆವು.

ಅಂಗಡಿ ಇಟ್ಟಿರುವ ಭಕ್ತರೇ, ಇಂದು ರಾತ್ರಿ ಬಾಗಿಲು ಹಾಕುವಾಗ ಗಲ್ಲವನ್ನು ಎಣಿಸಿ. ಎಣಿಸಿದ ಮೇಲೆ, ನಿಮ್ಮ ಬಳಿ ದುಡಿಯುವವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದೂ ನೋಡಿಕೊಳ್ಳಿ. ದುಡಿಯುವ ಮಕ್ಕಳೇ, ಯಾರೂ ನೋಡದ ಹೊತ್ತಿನಲ್ಲೂ ಎದೆಯ ಮೇಲಿನ ಲಿಂಗ ನೋಡುತ್ತಿರುತ್ತದೆ ಎಂಬುದನ್ನು ಮರೆಯಬೇಡಿ.

ಸರ್ವರಿಗೂ ಸನ್ಮಂಗಳವಾಗಲಿ.